ಓರಗೆಯವರ ಪಾಠ

ಕಳೆದ ಭಾನುವಾರ ನಮ್ಮ ಪಕ್ಷದ ಕಚೇರಿಯ ಮಾಳಿಗೆಯ ಮೇಲೆ ತರುಣರ ಸಭೆಯೊಂದು ಸೇರಿತ್ತು. ವಿದ್ವಾಂಸರೊಬ್ಬರು ಬಂದು, ಭೂಮಂಡಲದ ಕಾವು ಏರುತ್ತಿರುವ ವಿಷಯವಾಗಿ ಒಂದು ತಾಸು ಮಾತನಾಡಿದರು. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕೊನೆಗೆ "ಪ್ರಶ್ನೆಗಳಿದ್ದರೆ ಕೇಳಿ" ಎಂದಾಗ ನಲವತ್ತು ಜನರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಅವರು ಕಾಫಿಗೆಂದು ಕೆಳಗಿಳಿದ ಮೇಲೆ, ನೂಲಿನ ಖಾತೆಯ ಇಪ್ಪತ್ತರ ಹುಡುಗನೊಬ್ಬ ಪಕ್ಕದವನ ಅಂಗಿಯ ಕಾಲರನ್ನು ಮಡಚಿ, ಒಳಗಿನ ಚೀಟಿಯನ್ನು ಗಟ್ಟಿಯಾಗಿ ಓದಿದ: "ಮೇಡ್ ಇನ್ ಬಾಂಗ್ಲಾದೇಶ್. ಇದನ್ನು ಹೊಲಿದವರು ಯಾರು, ಗೊತ್ತೇನ್ರೋ?" ಆಮೇಲೆ ದೀಪ ಆರಿಸುವ ತನಕ ಮಾತು ನಿಲ್ಲಲಿಲ್ಲ.

ಅವನು ಹೇಳಿದ್ದು ರಾಣಾ ಪ್ಲಾಜಾದ ಕಥೆ. ಢಾಕಾ ನಗರದ ಹತ್ತಿರ ಸಾವಾರ್‌ನಲ್ಲಿ ಎಂಟು ಅಂತಸ್ತಿನ ಕಟ್ಟಡ. ಕೆಳಗೆ ಬ್ಯಾಂಕು, ಅಂಗಡಿಗಳು. ಮೇಲೆ ಸಿದ್ಧ ಉಡುಪಿನ ಕಾರ್ಖಾನೆಗಳು. 2013ರ ಏಪ್ರಿಲ್ 23ರಂದು ಗೋಡೆಗಳಲ್ಲಿ ಬಿರುಕು ಕಂಡಿತು. ಬ್ಯಾಂಕಿನವರು ಬಾಗಿಲು ಹಾಕಿದರು, ಅಂಗಡಿಯವರೂ ಹಾಕಿದರು. ಹೊಲಿಗೆಯವರಿಗೆ ಮಾತ್ರ ಮರುದಿನ ಬೆಳಿಗ್ಗೆ ಕೆಲಸಕ್ಕೆ ಬರಲೇಬೇಕೆಂದು ಅಪ್ಪಣೆಯಾಯಿತು. ಕಟ್ಟಡ ಕುಸಿದು 1,134 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. "ಬಿರುಕು ಕಂಡ ಮೇಲೂ ಒಳಗೇಕೆ ಹೋದರು?" ಎಂದು ಒಬ್ಬಳು ಕೇಳಿದಳು. ಸಂಬಳ ಹಿಡಿಯುತ್ತೇವೆಂಬ ಬೆದರಿಕೆ ಎಂದು ಉತ್ತರ ಬಂತು. ಸಭೆ ಒಂದು ಕ್ಷಣ ಸುಮ್ಮನಾಯಿತು. ಆ ಬೆದರಿಕೆಯ ಅರ್ಥವನ್ನು ಅಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಆ ದುರಂತದ ಮರು ತಿಂಗಳೇ ಕಾರ್ಮಿಕ ಸಂಘಗಳೂ ಪರದೇಶದ ಉಡುಪು ಕಂಪನಿಗಳೂ ಕಾನೂನಿನ ಬಲವುಳ್ಳ ಒಪ್ಪಂದವೊಂದಕ್ಕೆ ಸಹಿ ಹಾಕಿದವು. ಅಪಾಯವಿರುವ ಕಟ್ಟಡದೊಳಗೆ ಕಾಲಿಡುವುದಿಲ್ಲವೆನ್ನುವ ಹಕ್ಕು ಅದರಲ್ಲಿ ಸೇರಿತು. ಈ ಹಕ್ಕಿನ ಮಾತನ್ನು ಪುಢಾರಿಗಳ ಭಾಷಣದಲ್ಲಿ ಕೇಳಿದವನು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ. ಪಕ್ಕದ ಯಂತ್ರದವನ ಬಾಯಿಂದ ಕೇಳಿದವನು ಮಾರನೆಯ ದಿನ ತನ್ನ ಖಾತೆಯ ಗೋಡೆಯನ್ನು ಒಮ್ಮೆ ತಲೆಯೆತ್ತಿ ನೋಡುತ್ತಾನೆ.

ಓರಗೆಯವರಿಂದ ಓರಗೆಯವರಿಗೆ ಪಾಠವೆಂಬುದು ಹೊಸ ಕಲ್ಪನೆಯಲ್ಲ, ಪರದೇಶದ ಸರಕೂ ಅಲ್ಲ. 1789ರಲ್ಲಿ ಮದರಾಸಿನ ಎಗ್ಮೂರಿನ ಅನಾಥಾಲಯದ ಮೇಲ್ವಿಚಾರಣೆಗೆ ಬಂದ ಆಂಡ್ರೂ ಬೆಲ್ ಎಂಬ ಪಾದ್ರಿ, ಈ ನೆಲದ ಸಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡ. ತನ್ನಲ್ಲಿಯೂ ಹಾಗೆ ಕಲಿಸಿರೆಂದರೆ ಉಪಾಧ್ಯಾಯರು ಆಗದೆಂದರು. ಬೆಲ್ ಆ ತರಗತಿಯನ್ನು ಸುಮಾರು ಎಂಟು ವರ್ಷದ ಹುಡುಗನೊಬ್ಬನ ಕೈಗೆ ಕೊಟ್ಟ, ಹುಡುಗ ಕಲಿಸಿಬಿಟ್ಟ! 1797ರಲ್ಲಿ ಈ ಪ್ರಯೋಗದ ವರದಿ ಲಂಡನ್ನಿನಲ್ಲಿ ಅಚ್ಚಾಯಿತು. ಒಬ್ಬ ಮೇಷ್ಟ್ರ ಕೆಳಗೆ ನೂರಾರು ಮಕ್ಕಳು ಒಬ್ಬರಿಗೊಬ್ಬರು ಪಾಠ ಹೇಳುವ ಸಾಲೆಗಳು ಇಂಗ್ಲೆಂಡಿನಲ್ಲೆಲ್ಲ ಎದ್ದವು.

ಆದರೆ ಇಲ್ಲೊಂದು ಮೋಸವೂ ಉಂಟು. ಅದೇ ಬೆಲ್, ಬಡವರ ಮಕ್ಕಳಿಗೆ ಬರಹ, ಲೆಕ್ಕಗಳನ್ನೆಲ್ಲ ಕಲಿಸಿ ಅವರನ್ನು ಅವರ ಅಂತಸ್ತಿಗಿಂತ ಮೇಲಕ್ಕೆ ಎತ್ತಬಾರದೆಂಬ ಮತದವನು. ಅಗ್ಗದ ಪಾಠ, ವಿಧೇಯತೆಯ ಕವಾಯತು, ಪ್ರಶ್ನೆಗೆ ಜಾಗವಿಲ್ಲ; ಉಳ್ಳವರಿಗೆ ಆ ಸಾಲೆಗಳು ಹಿಡಿಸಿದ್ದು ಇದಕ್ಕಾಗಿಯೇ. ಹುಡುಗರ ಕೈಗೆ ಪಾಠ ಕೊಟ್ಟ ಮಾತ್ರಕ್ಕೆ ಬಿಡುಗಡೆಯಾಗುವುದಿಲ್ಲ. ಅಲ್ಲದೆ, ಸುಳ್ಳೂ ಓರಗೆಯವರ ಬಾಯಿಂದಲೇ ಅತಿ ವೇಗವಾಗಿ ಓಡುತ್ತದೆ. ಇಂದು ಪ್ರತಿ ಜೇಬಿನ ಮೊಬೈಲಿನಲ್ಲಿ ಅದು ಓಡುತ್ತಿರುವುದನ್ನು ನಾವು ಕಾಣುತ್ತಿಲ್ಲವೇ? ಆದ್ದರಿಂದ ಪಾಠ ಹೇಳುವ ಹುಡುಗ ತಾರೀಖು, ಅಂಕಿಗಳನ್ನು ಮೊದಲು ಹಿರಿಯರ ಮುಂದಿಟ್ಟು ಪರೀಕ್ಷಿಸಿಕೊಳ್ಳಬೇಕು. ಹಿರಿಯರು ಅಷ್ಟು ಮಾಡಿ ಹಿಂದಿನ ಸಾಲಿನಲ್ಲಿ ಕೂಡಬೇಕು. ಇದು ನಮಗೆ ಕಷ್ಟದ ಕೆಲಸ. ಎಂಟು ವರ್ಷ ಮೇಷ್ಟ್ರಾಗಿದ್ದವನಿಗೆ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟವೆಂದು ಕಳೆದ ಭಾನುವಾರವೇ ತಿಳಿಯಿತು.

ವ್ಯಾಪಾರಿ ಬಂಧುಗಳು ಇದೆಲ್ಲ ಗಿರಣಿಯವರ ಮಾತೆಂದು ತಿಳಿಯಬಾರದು. 2022ರ ಬೇಸಗೆಯನ್ನು ನೆನೆಯಿರಿ. ಉಕ್ರೇನಿನ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ತುಟ್ಟಿಯಾಯಿತು. ಏಪ್ರಿಲ್ 28ರಿಂದ ಇಂಡೋನೇಷ್ಯ ತನ್ನ ಪಾಮೆಣ್ಣೆಯನ್ನು ಹೊರಗೆ ಕಳಿಸುವುದನ್ನೇ ತಡೆಯಿತು. ಮೇ 23ರ ತನಕ ಬಿಡಲಿಲ್ಲ. ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ತರುವ ದೇಶ ನಮ್ಮದು. ಜಕಾರ್ತದಲ್ಲಿ ಆದ ತೀರ್ಮಾನಕ್ಕೆ ಇಲ್ಲಿ ಗಿರಾಕಿಯಿಂದ ಬೈಸಿಕೊಂಡವನು ಮೂಲೆಯಂಗಡಿಯ ಶೆಟ್ಟಿ! "ಎಣ್ಣೆ ಬಚ್ಚಿಟ್ಟಿದ್ದೀಯಾ" ಎಂದವರಿಗೆ ಅವನ ಮಗ ಏನು ಉತ್ತರ ಕೊಟ್ಟಾನು? ಪಾಮೆಣ್ಣೆ ತೋಟಕ್ಕಾಗಿ ಕಾಡನ್ನೂ ಜೌಗು ನೆಲವನ್ನೂ ಸುಟ್ಟದ್ದರಿಂದ 2015ರಲ್ಲಿ ಎದ್ದ ಹೊಗೆ ಸಿಂಗಪುರ, ಮಲೇಷ್ಯಗಳನ್ನು ಮುಸುಕಿತ್ತೆಂದು ಆ ಮಗನೇ ಓರಗೆಯವರಿಗೆ ಹೇಳಲಿ. ವಿದ್ವಾಂಸರು ಒಂದು ತಾಸಿನಲ್ಲಿ ಮುಟ್ಟಿಸಲಾರದೆ ಹೋದ ಭೂಮಿಯ ಕಾವಿಗೆ ಹುಡುಗರು ಎಣ್ಣೆ ಡಬ್ಬದ ದಾರಿಯಿಂದಲೇ ತಲುಪಿಯಾರು.

ಪಾಳಿ ಮುಗಿಸಿ ಬಂದ ಮಗನನ್ನು "ಓದು ಬರಹ ನಿನಗೇಕೆ, ಮಲಗು" ಎಂದು ತಡೆಯುವ ತಂದೆಯರು ನಮ್ಮಲ್ಲಿದ್ದಾರೆ. ಅವರ ದಣಿವು ನಮಗೆ ತಿಳಿಯದ್ದಲ್ಲ. ಹೆಣ್ಣುಮಕ್ಕಳನ್ನು ಸಂಜೆ ಕಳಿಸಲು ಹಿಂಜರಿಯುವ ತಾಯಂದಿರೂ ಇದ್ದಾರೆ; ಅವರು ತಾವೂ ಜೊತೆಗೆ ಬಂದು ಕೂಡಬಹುದು. ವಾರಕ್ಕೆ ಒಂದೂವರೆ ತಾಸು ಮಾತ್ರ ನಾವು ಕೇಳುವುದು.

ಬರುವ ಭಾನುವಾರ ಸಂಜೆ ಐದಕ್ಕೆ ಅದೇ ಮಾಳಿಗೆಯಲ್ಲಿ ಎಣ್ಣೆಯ ಪಾಠ. ಹೇಳುವವರು ಕಿರಾಣಿ ಅಂಗಡಿಯ ಇಬ್ಬರು ಹುಡುಗರು. ಭಾಷಣಕಾರರಿಲ್ಲ, ಹಾರವಿಲ್ಲ. ಕುರ್ಚಿಗಳು ಹನ್ನೆರಡೇ ಇರುವುದರಿಂದ ತಡವಾಗಿ ಬರುವವರು ಚಾಪೆ ತರಬೇಕು.