ನಡೀರಿ ಅಂತೀರಿ, ಎಲ್ಲಿ ನಡೀಬೇಕು?

2017ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಸುಮಾರು ಐದು ವರ್ಷದ ಮಟ್ಟಿಗೆ ಲೆಕ್ಕ ಹಾಕಿದರು. ಕಾರು, ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಹೋಲಿಸಿದರೆ ಸೈಕಲ್ ತುಳಿಯುವವರು ಸಾಯುವ ಅಪಾಯ ಶೇ 41ರಷ್ಟು ಕಡಿಮೆ. ನಡೆದು ಹೋಗುವವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 36ರಷ್ಟು ಕಡಿಮೆ. ಸೈಕಲ್ಲೇ ಕಾರಣ ಅಂತ ಇಂಥ ಅಧ್ಯಯನ ಸಾಬೀತು ಮಾಡಲ್ಲ. ಆದರೂ ನಂಟು ಸಣ್ಣದಲ್ಲ.

ಈ ಲೆಕ್ಕದಲ್ಲಿ ನಮ್ಮ ದುಡಿಯುವ ಜನ ಆಗಲೇ ಮುಂದಿದ್ದಾರೆ. 2011ರ ಜನಗಣತಿ ಪ್ರಕಾರ, ದೇಶದಲ್ಲಿ ಕೃಷಿಯಾಚೆ ದುಡಿಯುವವರ ಪೈಕಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ನಡೆದೋ ಸೈಕಲ್ ತುಳಿದೋ ಕೆಲಸಕ್ಕೆ ಹೋಗ್ತಿದ್ದರು. ಆದರೆ ನೈಟ್ ಶಿಫ್ಟ್ ಮುಗಿಸಿ ಬರುವ ಸೆಕ್ಯೂರಿಟಿ ಗಾರ್ಡ್‌ಗೆ ಸೈಕಲ್ ಅಂದ್ರೆ ಫಿಟ್‌ನೆಸ್ ಅಲ್ಲ, ಪೆಟ್ರೋಲ್ ಉಳಿತಾಯ. ಅವನ ಪಾಲಿಗಿರೋದು ಹೊಗೆ, ಗುಂಡಿ, ಬೆನ್ನ ಹಿಂದೆ ಟಿಪ್ಪರ್ ಹಾರ್ನ್.

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್ ಪಥ ಮಾಡಿದರು. ಮೆಟ್ರೊ ಕಾಮಗಾರಿ ಬಂದಾಗ ಮೊದಲು ಜಾಗ ಬಿಟ್ಟುಕೊಟ್ಟದ್ದು ಅದೇ. ಕಾರಿನ ಲೇನಿಗೆ ಬದಲಿ ದಾರಿ ಹುಡುಕ್ತೀವಿ, ಸೈಕಲ್ಲಿಗೆ ಹುಡುಕಲ್ಲ.

'ದಿನಾ ನಡೀರಿ' ಅನ್ನೋದು ಡಾಕ್ಟರ್ ಕೆಲಸ. ನಡೆಯೋಕೆ ಜಾಗ ಕೊಡೋದು ಪಾಲಿಕೆ ಕೆಲಸ. ವೋಟು ಕೇಳಲು ಬಂದವರನ್ನು ಒಂದೇ ಮಾತು ಕೇಳಿ: ನಮ್ಮ ಮನೆಯಿಂದ ಬಸ್ ಸ್ಟಾಪಿನವರೆಗೆ ರಸ್ತೆಗಿಳಿಯದೆ ನಡೆಯೋಕೆ ಆಗುತ್ತಾ?