ಮೂವತ್ತು ಗುಂಟೆ ಎಲ್ಲಿ ಹೋಯಿತು?

ಹಾಸನದ ಕಡೆಯ ಪಹಣಿಯಲ್ಲಿ ಒಂದು, ಇಪ್ಪತ್ತೈದು ಎಂದಿದ್ದರೆ ಅದು ಒಂದೂಕಾಲು ಎಕರೆಯಲ್ಲ. 1 ಎಕರೆ 25 ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯೆಂಬುದು ನಮ್ಮ ಅಜ್ಜಂದಿರಿಗೆ ಬಾಯಿಪಾಠ. ಗಣಕಯಂತ್ರಕ್ಕೆ ಮಾತ್ರ ಯಾರಾದರೂ ಬರೆದು ಕಲಿಸಬೇಕು. ಅಂಥ ಎರಡು ತುಂಡುಗಳನ್ನು ಕೂಡಿದರೆ 3 ಎಕರೆ 10 ಗುಂಟೆ. ದಶಾಂಶವೆಂದು ಭ್ರಮಿಸಿ ಕೂಡಿದರೆ ಎರಡೂವರೆ ಎಕರೆ! ಅಣ್ಣತಮ್ಮಂದಿರ ಪಾಲಿನಲ್ಲಿ 30 ಗುಂಟೆ ಮಾಯ.

ವಾಚಕರು ಹೀಗೆ ಊಹಿಸಿಕೊಳ್ಳಲಿ. ಈ ಲೆಕ್ಕವನ್ನು ಹಾಸನಕ್ಕೆಂದು ಸರಿಯಾಗಿ ಬರೆದವರು, ಅದೇ ಸಾಲುಗಳನ್ನು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೂ ನಕಲು ಮಾಡಿದ್ದಾರೆ. ನಾಳೆ ಗುಂಟೆಯ ಕೆಳಗಿನ ಆಣೆಯನ್ನೂ ಎಣಿಸಬೇಕಾದರೆ ನಾಲ್ಕು ಕಡೆ ತಿದ್ದಬೇಕು. ಮೂರು ಕಡೆ ತಿದ್ದಿ ನಾಲ್ಕನೆಯದನ್ನು ಮರೆಯುವುದು ಮನುಷ್ಯಸ್ವಭಾವ. ಆದಕಾರಣ ಲೆಕ್ಕವನ್ನು ಒಂದೇ ಕಡೆ ಇರಿಸಿ, ನಾಲ್ಕು ತಾಲ್ಲೂಕುಗಳೂ ಅಲ್ಲಿಂದಲೇ ಉತ್ತರ ಪಡೆಯುವಂತೆ ಮಾಡತಕ್ಕದ್ದು. ಹೊರಗಿನ ಫಲ ಕೂದಲೆಳೆಯಷ್ಟೂ ಬದಲಾಗದಂತೆ ಒಳಗಿನ ರಚನೆಯನ್ನು ಹೀಗೆ ಹಸನುಗೊಳಿಸುವುದಕ್ಕೆ ‘ರಿಫ್ಯಾಕ್ಟರಿಂಗ್’ ಎಂದು ಹೆಸರು. 1999ರಲ್ಲಿ ಮಾರ್ಟಿನ್ ಫೌಲರ್ ಬರೆದ ಗ್ರಂಥದಿಂದ ಈ ಮಾತು ಮನೆಮಾತಾಯಿತು. ಅಂದರೆ, ಗಣಕದವರ ಮನೆಗಳಲ್ಲಿ.

ನಡೆಯುತ್ತಿರುವುದನ್ನು ಕೆದಕುವುದೇಕೆ ಎಂದು ಹಿರಿಯರು ಕೇಳಿಯಾರು. ನ್ಯಾಯವಾದ ಪ್ರಶ್ನೆಯೇ. ಅದಕ್ಕಾಗಿಯೇ ಮೊದಲು ಉತ್ತರ ಗೊತ್ತಿರುವ ಲೆಕ್ಕಗಳನ್ನು ಸಿದ್ಧಮಾಡಿಟ್ಟುಕೊಂಡು, ಒಂದೊಂದೇ ತಾಲ್ಲೂಕನ್ನು ಬದಲಿಸುತ್ತ, ಪ್ರತಿ ಹೆಜ್ಜೆಗೂ ಅವನ್ನು ಕೂಡಿಸಿ ನೋಡಬೇಕು. ನಡುವೆ ಅರಕಲಗೂಡಿನ ಪ್ರತಿಯಲ್ಲಿ ಹಳೆಯ ತಪ್ಪೊಂದು ಕಣ್ಣಿಗೆ ಬಿದ್ದರೆ? ಗುರುತು ಹಾಕಿಟ್ಟು ಆಮೇಲೆ ಪ್ರತ್ಯೇಕವಾಗಿ ತಿದ್ದತಕ್ಕದ್ದು. ಎರಡನ್ನೂ ಒಟ್ಟಿಗೆ ಮಾಡಿದರೆ, ಉತ್ತರ ಬದಲಾದದ್ದು ಯಾವುದರಿಂದ ಎಂದು ಹೇಳಬಲ್ಲವರು ಇರುವುದಿಲ್ಲ.