ಕನ್ನಡಿಯ ಬೆನ್ನು

ಹಾನಗಲ್ಲಿನಲ್ಲಿರಲಿ, ಶಿಗ್ಗಾಂವಿಯಲ್ಲಿರಲಿ, ಹೊಸ ಮನೆಯ ವಾಸ್ತುಶಾಂತಿಗೆ ಹೋದರೆ ಪಡಸಾಲೆಯ ಗೋಡೆಯಲ್ಲಿ ದೊಡ್ಡದೊಂದು ಕಟ್ಟಿಗೆ ಚೌಕಟ್ಟಿನ ಕನ್ನಡಿ ಕಾಣುತ್ತದೆ. ಸುತ್ತಲೂ ಬಳ್ಳಿ, ಹೂವು, ಎರಡು ನವಿಲು. "ಕೈಕೆಲಸದ್ದರೀ ಅಕ್ಕೋರ, ಹುಬ್ಬಳ್ಳಿಯಿಂದ ತರಿಸೀವಿ" ಎಂದು ಮನೆಯಾಕೆ ಹೆಮ್ಮೆಯಿಂದ ಹೇಳುತ್ತಾಳೆ. ನಾನು ಕೇಳುವುದು ಒಂದೇ: ಅದರ ಬೆನ್ನು ನೋಡೀಯೇನವಾ?

ಎಲ್ಲರೂ ನಗುತ್ತಾರೆ. ಕನ್ನಡಿಯ ಬೆನ್ನನ್ನು ಯಾರು ನೋಡುತ್ತಾರೆ? ಯಾರೂ ನೋಡುವುದಿಲ್ಲ ಎಂಬುದು ಮಾರುವವನಿಗೆ ಚೆನ್ನಾಗಿ ಗೊತ್ತಿದೆ.

ಚೌಕಟ್ಟು ಬಂದದ್ದು ಅಲಂಕಾರಕ್ಕೆಂದು ಅಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ದರ್ಪಣಸುಂದರಿಯ ಕಾಲಕ್ಕೆ ಕನ್ನಡಿ ಎಂದರೆ ಲೋಹ. ಮಸುಕಾದರೆ ತಿಕ್ಕಿ ಹೊಳಪಿಸಿದರೆ ಸಾಕಿತ್ತು. ಗಾಜಿನ ಮೇಲೆ ಬೆಳ್ಳಿಯನ್ನು ಕೂರಿಸುವ ರಾಸಾಯನಿಕ ದಾರಿಯನ್ನು 1835ರಲ್ಲಿ ಕಂಡುಕೊಂಡವನು ಜರ್ಮನಿಯ ಲೀಬಿಗ್. ಆ ಬೆಳ್ಳಿಯ ಲೇಪ ಕೂದಲೆಳೆಗಿಂತ ತೆಳು. ಅದಕ್ಕೆ ಶತ್ರು ತಂಪು. ಅಂಚಿನಿಂದ ಪಸೆ ಒಳಹೊಕ್ಕರೆ ಕಪ್ಪು ಚುಕ್ಕೆ ಏಳುತ್ತದೆ, ಮೆಲ್ಲಗೆ ನಮ್ಮ ಮುಖವನ್ನೇ ತಿನ್ನುತ್ತಾ ಬರುತ್ತದೆ. ಬಡಿಗೇರರು ಇದಕ್ಕೆ ಉಪಾಯ ಬಲ್ಲವರು. ಒಣಗಿದ ಸಾಗವಾನಿಯ ನಾಲ್ಕು ಪಟ್ಟಿಗಳ ಒಳಅಂಚನ್ನು ಮೆಟ್ಟಿಲಿನಂತೆ ಕೊರೆದು, ಗಾಜಿನ ಅಂಚು ಅದರೊಳಗೆ ಅಡಗುವಂತೆ ಕೂರಿಸುತ್ತಾರೆ. ಹಿಂದೆ ತುಸು ಸಂದು ಬಿಟ್ಟು ತೆಳ್ಳನೆಯ ಹಲಗೆ ಮುಚ್ಚುತ್ತಾರೆ. ಗಾಜು ಒಡೆದರೆ ಹಲಗೆ ಬಿಚ್ಚಿ ಬೇರೆ ಗಾಜು ಹಾಕಿದರಾಯಿತು. ಅಜ್ಜಿಯ ಚೌಕಟ್ಟು ಮೊಮ್ಮಗಳಿಗೂ ಬರುತ್ತದೆ.

ಈಗ ಆ ಹುಬ್ಬಳ್ಳಿಯ ಕನ್ನಡಿಯನ್ನು ತಿರುವಿ ಹಾಕಿ. ಕಟ್ಟಿಗೆಯ ನಾರನ್ನು ಅಂಟು ಹಾಕಿ ಒತ್ತಿದ ಎಂ.ಡಿ.ಎಫ್. ಹಲಗೆ, ಅದರ ಮೇಲೆ ಬಣ್ಣ, ಗಾಜನ್ನು ನೇರವಾಗಿ ಅಂಟಿಸಿದ್ದು. ಅರೆಮಲೆನಾಡಾದ ಹಾನಗಲ್ಲಿನ ಮಳೆಗಾಲದಲ್ಲಿ ಗೋಡೆಯ ತಂಪು ಹತ್ತಿದರೆ ಅದು ಉಬ್ಬುತ್ತದೆ. ಒಮ್ಮೆ ಉಬ್ಬಿತೆಂದರೆ ಮತ್ತೆ ಇಳಿಯುವುದಿಲ್ಲ. ಕೆತ್ತನೆಯೂ ಯಂತ್ರದ್ದೇ. ಗುರುತಿಸುವುದು ಕಷ್ಟವಲ್ಲ: ತಿರುಗುವ ಮೊನೆ ದುಂಡಗಿರುವುದರಿಂದ ಯಂತ್ರ ಕೆತ್ತಿದ ಒಳಮೂಲೆ ದುಂಡಗೇ ಉಳಿಯುತ್ತದೆ, ಉಳಿ ಹಿಡಿದವನ ಮೂಲೆ ಚೂಪು. ಎರಡು ನವಿಲುಗಳೂ ಕೂದಲೆಳೆಯಷ್ಟೂ ಬೇರೆಯಿಲ್ಲದಿದ್ದರೆ ಆಗಲೂ ಸಂಶಯಪಡಿ.

ಯಂತ್ರದ ಸಾಮಾನು ಕೊಳ್ಳುವುದು ಪಾಪವೆಂದು ನಾನು ಹೇಳುತ್ತಿಲ್ಲ. ಬಾಡಿಗೆ ಮನೆಯವಳಿಗೆ ಅಗ್ಗದ ಕನ್ನಡಿಯೇ ಅನುಕೂಲ. ನನ್ನ ಜಗಳವಿರುವುದು 'ಕೈಕೆಲಸ' ಎಂಬ ಮಾತಿನ ಜೊತೆ, ಆ ಮಾತಿಗಾಗಿ ಕಿತ್ತುಕೊಳ್ಳುವ ಹಣದ ಜೊತೆ.

ಇನ್ನೊಂದು ಕಡೆ ನಿಜವಾದ ಕೈಕೆಲಸ ಹೇಗೆ ಹೋಗುತ್ತಿದೆ ನೋಡಿ. ಸವಣೂರಿನಂಥ ಹಳೆಯ ಊರಿನಲ್ಲಿ ಮನೆ ಕೆಡವಿದಾಗ ಗಂಡಸರ ರುಮಾಲಿನ ಎತ್ತರಕ್ಕೆ ತೂಗುತ್ತಿದ್ದ ಪಡಸಾಲೆಯ ಕನ್ನಡಿ ಮೊದಲು ಗುಜರಿಯವನ ಗಾಡಿ ಏರುತ್ತದೆ. ಗಾಜು ಮಸುಕಾಗಿದೆ ಎಂಬುದೇ ಅಪರಾಧ! ಗಾಜು ಬದಲಿಸಲೆಂದೇ ಅದರ ಹಿಂದೆ ಹಲಗೆ ಇದೆಯೆಂದು ಯಾರಿಗೂ ನೆನಪಾಗುವುದಿಲ್ಲ.

ಮಾಡುವವರು ಉಳಿದಿಲ್ಲ ಎನ್ನುತ್ತೀರಾ? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಿರೇಕೆರೂರಿನಲ್ಲಿ ಬಡಿಗತನ ಮಾಡುತ್ತಾನೆ. ಅವನ ಮಾತು ಕೇಳಿ: "ಬಾಗಲಾ ಮಾಡಿಸಿದ ಮ್ಯಾಲೆ, ಉಳಿದ ಕಟ್ಟಿಗ್ಯಾಗ ಒಂದ್ ಕನ್ನಡಿ ಚೌಕಟ್ಟ ಸುಮ್ನ ಮಾಡಿಕೊಡಪಾ ಅಂತಾರ್ರೀ ಅಕ್ಕೋರ. ಎರಡ ದಿನದ ಪಗಾರ ಯಾರ ಕೊಡ್ತಾರ?" ಅಂಗಡಿಯಲ್ಲಿ ಬರೆದ ಬೆಲೆಗೆ ತುಟಿ ಬಿಚ್ಚದ ನಮ್ಮ ಹೆಣ್ಣುಮಕ್ಕಳು ಬಡಿಗೇರನ ಮುಂದೆ ಮಾತ್ರ ಐವತ್ತು ರೂಪಾಯಿಗೆ ಹಟ ಹಿಡಿಯುತ್ತಾರೆ. ಅವನೀಗ ಪ್ಲೈವುಡ್ ಕತ್ತರಿಸುತ್ತಾನೆ, ಉಳಿಗಳಿಗೆ ತುಕ್ಕು ಹತ್ತಿದೆ. ಇದೆಲ್ಲ ಗೊತ್ತಿಲ್ಲದವರು ವೇದಿಕೆಯ ಮೇಲೆ ನಿಂತು 'ಕಲೆ ಉಳಿಸಿ' ಎಂದು ಭಾಷಣ ಮಾಡುತ್ತಾರೆ. ಅವನಿಗೆ ಬೇಕಾದದ್ದು ಕನಿಕರವಲ್ಲ, ಕೂಲಿ.

ಮನೆಗೆ ಬಾಗಿಲು ಮಾಡಿಸುವಾಗ ಕನ್ನಡಿಯ ಕೂಲಿಯನ್ನು ಬೇರೆಯಾಗಿಯೇ ಮಾತಾಡಿ. ಕಟ್ಟಿಗೆ ಒಣಗಿದೆಯೋ ಕೇಳಿ. ಹಿಂದಿನ ಹಲಗೆಗೆ ಮೊಳೆ ಬೇಡ, ಸ್ಕ್ರೂ ಹಾಕಿಸಿ. ತೂಗುಹಾಕುವಾಗ ನೀವೇ ಗೋಡೆಗೆ ನಿಂತು ನಿಮ್ಮ ಹಣೆಯ ಎತ್ತರಕ್ಕೆ ಗುರುತು ಮಾಡಿಸಿ. ಗಂಡಸರು ಬೇಕಾದರೆ ಬಗ್ಗಿ ನೋಡಿಕೊಳ್ಳಲಿ.